ಮನೆಗೈದು ರೊಟ್ಟಿ

"ಏ ಮಬ್ಬ ರಂಡಿ, ಕಣ್ಣ ಎಲ್ಲಿ ಇಟ್ಕೊಂಡ ಬಂದೀ? ಅಲ್ಲಿ ಯಾಕ ಇಳಸ್ತಿ ಬುಟ್ಟಿ?"

ಬಸಂತರಾಯ ಗೌಡರ ದನಿಗೆ ಶೆಟ್ಟೆವ್ವ ಅರ್ಧ ಬಗ್ಗಿದವಳು ಹಾಗೇ ನಿಂತಳು. ವಾಡೆಯ ಪಡಸಾಲೆಯಲ್ಲಿ ಬಿಳಿ ಧೋತರ ಹಾಸಿ, ಊರ ಮನೆಮನೆಯಿಂದ ಬಂದ ರೊಟ್ಟಿಗಳನ್ನು ಎದೆಮಟ್ಟ ಒಟ್ಟಿದ್ದರು. ಅವಳ ಬುಟ್ಟಿಯ ಅಂಚು ಆ ಧೋತರಕ್ಕೆ ಇನ್ನೊಂದು ಗೇಣು ದೂರದಲ್ಲಿತ್ತು.

"ಎಲ್ಲಾರವೂ ಇಲ್ಲೇ ಅದಾವಂತ ಇಳಸಾಕ ಹತ್ತಿದ್ನಿರಿ."

"ಎಲ್ಲಾರೂ ನೀವೂ ಒಂದ ಏನಲೇ? ನಿನ್ನಿ ಏನ ಹೇಳೀನಿ ನಿನಗ?"

ರೊಟ್ಟಿ ಜೋಡಿಸುತ್ತಿದ್ದ ಗೌಡರ ಸೊಸೆ ರಾಜೇಶ್ವರಿ ತಲೆಯೆತ್ತದೆ ಮೆಲ್ಲಗೆ ಅಂದಳು: "ಹಿತ್ತಲಕ್ಕ ಒಯ್ಯ ಶೆಟ್ಟೆವ್ವಾ. ಹೋಗೂ ಮುಂದ ಒಂದ ಕಪ್ಪ ಚಾ ಕುಡದ ಹೋಗು." ಬೈಗುಳಕ್ಕಿಂತ ಆ ಮಾತೇ ಶೆಟ್ಟೆವ್ವನಿಗೆ ಹೆಚ್ಚು ಚುಚ್ಚಿತು.

ನಿನ್ನೆ ಗೌಡರು ಹೇಳಿದ್ದೆಲ್ಲ ಅವಳಿಗೆ ಚೆನ್ನಾಗಿಯೇ ನೆನಪಿತ್ತು. ಗೌಡರ ನಿಂಬೆ ತೋಟದಲ್ಲಿ ಅವಳೂ ಮಗಳು ಸುಮಂಗಲಾನೂ ಕಾಯಿ ಹರಿಯುತ್ತಿದ್ದಾಗ ಗೌಡರು ಅವಳೊಬ್ಬಳನ್ನೇ ಬದುವಿನ ಮೇಲೆ ಕರೆದಿದ್ದರು. ಊರಲ್ಲಿ ಮೇಲುಕೀಳಿಲ್ಲ ಅನ್ನುವುದನ್ನು ನೋಡಲು ಇಂಡಿ ತಾಲೂಕು ಕಚೇರಿಯಿಂದ ಸಾಹೇಬರು ಬರುತ್ತಾರೆ, ನೆರೆಹೊರೆಯವರ ಸಂವಾದ ಇರುತ್ತದೆ, ಭಜನೆ, ಹಾಡು, ಆಮೇಲೆ ಎಲ್ಲರೂ ಕೂಡಿ ಊಟ. ಮನೆಗೈದು ರೊಟ್ಟಿ ಬರಬೇಕು.

"ನಿಮ್ಮ ಕೇರಿಯಿಂದಾನೂ ಬರಬೇಕ. ಆದ್ರ ಬಂದ ಮ್ಯಾಲ ಅವು ಎಲ್ಲಿ ಹೋಗಬೇಕು ನಿನಗ ಬ್ಯಾರೆ ಹೇಳಬೇಕಾ? ಎತ್ತಿಗೂ ಒಂದಿನ ಹಬ್ಬ ಆಗ್ಲಿ. ಬಾಯಿ ಹೊಲಕೊಂಡಿರು. ಜೂನದಾಗ ನಿನ್ನ ಮಗಳು ನಮ್ಮ ಸಾಲ್ಯಾಗ ಮಾಸ್ತರಣಿ."

ಸುಮಂಗಲಾ ಡಿ.ಎಡ್ ಮುಗಿಸಿ ಎರಡು ವರ್ಷವಾಗಿತ್ತು. ಅವಳ ಮುಂಗೈ ತುಂಬ ನಿಂಬೆ ಮುಳ್ಳು ಗೀರಿದ ಗೆರೆಗಳು. ಶೆಟ್ಟೆವ್ವ ಹೂಂ ಅಂದಿದ್ದಳು. ಅಂದಿದ್ದಷ್ಟೇ ಆಗಿದ್ದರೆ ಬೇರೆ. ಕೇರಿಯಲ್ಲಿ ಯಾರಿಗೂ ಹೇಳದ್ದನ್ನು ಗೌಡರು ತನಗೊಬ್ಬಳಿಗೇ ಹೇಳಿದರಲ್ಲ ಅಂತ ಒಳಗೊಳಗೇ ಒಂದು ಹಿಗ್ಗೂ ಆಗಿತ್ತು. ಆ ಹಿಗ್ಗನ್ನು ಈಗ ನೆನೆದರೆ ಬಾಯೆಲ್ಲ ಕಹಿ.

ಸುದ್ದಿ ಕೇಳಿ ಕೇರಿಯಲ್ಲಿ ನಕ್ಕವರೇ ಹೆಚ್ಚು. ಗೋಡೆಗೆ ಗೋಡೆ ಹಚ್ಚಿದ ಮನೆಯ, ಶೆಟ್ಟೆವ್ವ ಅತ್ತಿ ಅಂತ ಕರೆಯುವ ಯಮನವ್ವ ಮುದುಕಿಯಂತೂ ಕುಂತಲ್ಲೇ ತೊಡೆ ತಟ್ಟಿದ್ದಳು. "ಎಪ್ಪತ್ತ ವರ್ಷ ಆತು, ನನ್ನ ಕೈಯಾನ ಗುಟುಕ ನೀರ ಕುಡೀಲಿಲ್ಲ ಸೂಳಿಮಕ್ಕಳು. ಈಗ ರೊಟ್ಟಿ ತಿಂತಾರಂತ! ಗೌಡಗ ಹಲ್ಲ ಅದಾವಿಲ್ಲೊ ಕೇಳಿ ಬಾರ ಶೆಟ್ಟಿ, ಖಡಕ್ ಮಾಡೂದೋ ಮೆತ್ತಗ ಮಾಡೂದೋ?"

ನಕ್ಕವಳೇ ಬೆಳಗಿನ ಐದಕ್ಕೆ ಎದ್ದು, ಹೊಸ ಬಿಳಿಜೋಳದ ಹಿಟ್ಟನ್ನು ಎರಡು ಸಲ ಸೋಸಿದಳು. ಬಡಿದ ರೊಟ್ಟಿಯ ಮೇಲೆ ಎಳ್ಳು ಒತ್ತಿದಳು. ಅಂಚಿಗೆ ಮೂರು ಬೆರಳು ಊರಿ ಗುರುತು ಮೂಡಿಸುವುದು ಅವಳ ರೂಢಿ. ಕೇರಿಯಲ್ಲಿ ಯಾರ ರೊಟ್ಟಿ ಯಾರದೆಂದು ಎಲ್ಲ ಹೆಂಗಸರಿಗೂ ಗೊತ್ತು. ಒಬ್ಬೊಬ್ಬರ ಬಡಿತ ಒಂದೊಂದು ಥರ.

ಗೋಡೆಯ ಈಚೆ ಶೆಟ್ಟೆವ್ವ ತನ್ನ ಐದು ರೊಟ್ಟಿ ಬಡಿದಳು. ಹಿಟ್ಟು ಸೋಸಲಿಲ್ಲ. ಎತ್ತಿಗೆ ಹೋಗುವುದಕ್ಕೆ ಸೋಸುವುದೇಕೆ ಅನ್ನಿಸಿತ್ತು. ಆಚೆಯಿಂದ ಯಮನವ್ವನ ಬಡಿತ ಕೇಳುತ್ತಲೇ ಇತ್ತು. ಎದ್ದು ಹೋಗಿ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ.

ಈಗ ಶೆಟ್ಟೆವ್ವ ಹಿತ್ತಲಿನಲ್ಲಿ ಎತ್ತು ಮೇಯುವ ಗೋದಲಿಗೆ ಬುಟ್ಟಿ ಸುರಿದಳು. ಕೇರಿಯ ಮೂವತ್ತು ಮನೆಯಿಂದ ಅವಳೇ ಕೂಡಿಸಿ ತಂದ ರೊಟ್ಟಿ. ಯಮನವ್ವ ತನ್ನವನ್ನು ಬೇರೆಯಾಗಿ ತೊಳೆದ ಅರಿವೆಯಲ್ಲಿ ಕಟ್ಟಿಕೊಟ್ಟಿದ್ದಳು. ಆ ಗಂಟನ್ನು ಕೊನೆಗೆ ಬಿಚ್ಚಿ ಎಲ್ಲಕ್ಕಿಂತ ಮೇಲೆ ಹಾಕಿದಳು. ಎತ್ತುಗಳು ಮೊದಲು ಅವಕ್ಕೇ ಮೂತಿ ಹಚ್ಚಿದವು. ಚಹಾ ಕುಡಿಯದೆ ಬಂದಳು.

ವಾಡೆಯ ಮುಂದಿನ ಶಾಮಿಯಾನದಲ್ಲಿ ಭಜನೆ ಮುಗಿದು ಸಂವಾದ ಶುರುವಾಯಿತು. ಸಾಹೇಬರು ಹುಟ್ಟಿದ್ದು ಬೆಂಗಳೂರ ಕಡೆ, ಮೆತ್ತನೆ ಮಾತಿನವರು. ಅಕ್ಕಪಕ್ಕದವರು ಮನಸ್ಸು ಬಿಚ್ಚಿ ಮಾತಾಡಬೇಕು ಅಂದರು. ಗೌಡರು ಶೆಟ್ಟೆವ್ವನ ಹೆಸರು ಕೂಗಿದರು.

ಅವಳು ಎದ್ದು ಹೋಗಿ ಮೈಕಿನ ಮುಂದೆ ನಿಂತಳು. "ನಮ್ಮೂರಾಗ ಮ್ಯಾಲ ಕೆಳಗ ಅಂಬೂದಿಲ್ರಿ. ಇವತ್ತ ನಮ್ಮ ರೊಟ್ಟಿ ಅವ್ರ ರೊಟ್ಟಿ ಒಂದ ಅರಿವ್ಯಾಗ ಕೂಡ್ಯಾವರಿ."

ಎಲ್ಲರೂ ಚಪ್ಪಾಳೆ ಹೊಡೆದರು. ಎಲ್ಲರಿಗಿಂತ ಜೋರಾಗಿ ಹೊಡೆದವಳು ಯಮನವ್ವ.

ಊಟಕ್ಕೆ ಎರಡು ಪಂಕ್ತಿ, ಎದುರುಬದುರು. ಒಂದರಲ್ಲಿ ಸಾಹೇಬರು, ಗೌಡರು, ಊರ ಹಿರಿಯರು. ಇನ್ನೊಂದರಲ್ಲಿ ಕೇರಿಯ ಹೆಂಗಸರು. ಪತ್ರಾವಳಿಗೆ ಝುಣಕ, ಎಣ್ಣೆಗಾಯಿ, ಶೇಂಗಾ ಹಿಂಡಿ ಬಿದ್ದವು. ರೊಟ್ಟಿ ಬಂತು. ಶೆಟ್ಟೆವ್ವನ ಪಕ್ಕ ಕುಂತ ಯಮನವ್ವ ತುತ್ತು ಮುರಿಯಲಿಲ್ಲ. ರೊಟ್ಟಿಯನ್ನು ಕಣ್ಣಿನ ಹತ್ತಿರ ಹಿಡಿದು ಅಂಚಿನ ಸುತ್ತ ಬೆರಳಾಡಿಸಿದಳು.

"ಇದು ನಂದಲ್ಲ. ಯಾವಕೀನೋ ದಪ್ಪ ಬಡದಾಳ. ನಿಂದ ತೋರಸ ಶೆಟ್ಟಿ. ಇದೂ ಅಲ್ಲ. ನಮ್ಮ ಕೇರಿದು ಒಂದೂ ಕಾಣವಲ್ದಲ್ಲ?"

"ಆ ಕಡಿ ಹೋಗಿರಬೇಕ ಅತ್ತಿ. ಉಣ್ಣು."

"ಆ ಕಡೀ?" ಮುದುಕಿಯ ಮುಖ ಅರಳಿತು. ಕೂತಲ್ಲಿಂದಲೇ ಕೂಗಿದಳು: "ಸಾಹೇಬ್ರ! ನಿಮ್ಮ ರೊಟ್ಟಿ ಅಂಚಿಗೆ ಮೂರ ಬಟ್ಟಿನ ಗುರ್ತ ಐತೇನ ನೋಡ್ರಿ?"

ಪಂಕ್ತಿಯೆಲ್ಲ ನಕ್ಕಿತು. ಸಾಹೇಬರು ರೊಟ್ಟಿ ಎತ್ತಿ ನೋಡಿದರು. ಗೌಡರು ನಗುತ್ತಲೇ ಬಾಯಿ ಹಾಕಿದರು: "ನಿಂದು ಮೊದಲಽ ತಿಂದ ಮುಗಿಸ್ಯಾರ ತಗೋ ಮುದುಕಿ."

"ಹೆಂಗಿತ್ರಿ ಸಾಹೇಬ್ರ?"

ಸಾಹೇಬರು ಗೌಡರ ಮುಖ ನೋಡಿದರು, ಆಮೇಲೆ ಮುದುಕಿಯದು. "ತುಂಬಾ ಚೆನ್ನಾಗಿತ್ತು ಅಜ್ಜಿ."

ಯಮನವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮೊಣಕೈಯಿಂದ ಶೆಟ್ಟೆವ್ವನ ಪಕ್ಕೆ ತಿವಿದಳು. "ಕೇಳಿದೇನ? ಎಳ್ಳ ಹಚ್ಚಿದ್ದು ಚೊಲೊ ಆತು ನೋಡ. ನಮ್ಮ ಮುದುಕ ಇರಬೇಕಿತ್ತು ಇದನ್ನ ಕೇಳಾಕ."

ಶೆಟ್ಟೆವ್ವ ಎತ್ತಿದ ತುತ್ತನ್ನು ಎಲೆಗೆ ಇಳಿಸಿದಳು. ಇಷ್ಟು ಹೊತ್ತು ಗೌಡರ ಸುಳ್ಳೆಂದು ಅಂದುಕೊಂಡದ್ದು ಈಗ ತನ್ನದೇ ಬಾಯಿಂದ ಹೊರಟದ್ದಾಗಿ ಕಂಡಿತು. ಈ ಮುದುಕಿ ಸಾಯುವ ತನಕ ಇದನ್ನು ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಾಳೆ. ತಾನು ಪಕ್ಕದ ಗೋಡೆಯ ಹಿಂದೆ ಕೂತು ಕೇಳಬೇಕು.

"ಅತ್ತಿ, ನಿನ್ನ ರೊಟ್ಟಿ ಸಾಹೇಬ್ರು ತಿಂದಿಲ್ಲ."

"ಆಂ?"

"ಯಾರೂ ತಿಂದಿಲ್ಲ. ಕೇರಿಯವು ಎಲ್ಲಾ ಎತ್ತಿನ ಗ್ವಾದಲ್ಯಾಗ ಅದಾವ. ನಾನ ಹಾಕಿ ಬಂದೇನಿ."

ಮುದುಕಿ ಅವಳತ್ತ ಪೂರಾ ತಿರುಗಿದಳು. "ಗೊತ್ತಿದ್ದ ತಂದ್ಯಾ?"

"ನಿನ್ನಿನ ಗೊತ್ತಿತ್ತು."

"ನಾ ಬಡಿಯೂದು ಕೇಳಸ್ತಿತ್ತಲ್ಲ ನಿನಗ?"

ಶೆಟ್ಟೆವ್ವ ಹೌದೆಂದು ತಲೆ ಆಡಿಸಿದಳು. ಆಚೆ ಕುಂತಿದ್ದ ಸುಮಂಗಲಾ ಅವ್ವನ ಮುಖವನ್ನೇ ದಿಟ್ಟಿಸುತ್ತಿದ್ದಳು. "ನಿನ್ನಿ ಬದುವಿನ ಮ್ಯಾಲ ಗೌಡ್ರು ಕರದದ್ದು ಇದಕ್ಕಾ? ನನ್ನ ನೌಕರಿ ಸಲುವಾಗಿ ಮಾಡಿದ್ಯಾ?"

"ಹೂಂ."

"ನಾ ಕೇಳಿದ್ನೇನ ನಿನಗ? ಎಂದೂ ನನ್ನ ಹೆಸರ ಹೇಳಬ್ಯಾಡ ಯವ್ವಾ, ಈ ಹಲ್ಕಟ್ಟ್ ಕೆಲಸಕ್ಕ."

ಯಮನವ್ವ ನೆಲಕ್ಕೆ ಕೈಯೂರಿ ಎದ್ದಳು. ಅವಳ ಹಿಂದೆ ಸುಮಂಗಲಾ. ಮಾತು ಪಂಕ್ತಿಯುದ್ದಕ್ಕೂ ಬಾಯಿಂದ ಬಾಯಿಗೆ ಹರಿಯಿತು, ಒಬ್ಬೊಬ್ಬಳೇ ಎದ್ದಳು. ಶೆಟ್ಟೆವ್ವನೂ ಏಳಲು ಹೋದಳು. ಯಮನವ್ವ ಅವಳ ಹೆಗಲ ಮೇಲೆ ಕೈಯಿಟ್ಟು ಒತ್ತಿದಳು.

"ನೀ ಕುಂಡ್ರು. ನೀ ಉಣ್ಣು. ನೀ ಅವ್ರಾಕಿ."

ಖಾಲಿ ಪಂಕ್ತಿಯ ನಡುವೆ ಅವಳೊಬ್ಬಳೇ ಉಳಿದಳು. ಬಡಿಸುವವನು ಹುಗ್ಗಿಯ ಬಕೆಟ್ ಹಿಡಿದು ಯಾರಿಗೆ ನೀಡಬೇಕೆಂದು ತಿಳಿಯದೆ ಅವಳ ಎಲೆಗೇ ಎರಡು ಸೌಟು ಹಾಕಿ ಹೋದ. ಗೌಡರು ಬಗ್ಗಿ ಬಂದು ಕಿವಿಯಲ್ಲಿ ಉಸುರಿದರು: "ಏನ ಬೊಗಳಿದೀ ಬೋಸುಡಿ? ಎದ್ದ ಹೋಗು, ಕರ್ಕೊಂಡ ಬಾ ಅವ್ರನ್ನ. ಮಗಳ ಸಾಲಿ ನೆಪ್ಪಿರಲಿ."

"ನಾ ಕರದ್ರ ಬರಂಗಿಲ್ರಿ," ಅಂದಳು ಶೆಟ್ಟೆವ್ವ. ಎದ್ದಳು. ಆದರೆ ಹೆಂಗಸರು ಹೋದ ದಿಕ್ಕಿಗೆ ಹೋಗಲಿಲ್ಲ. ಸಾಹೇಬರ ಮುಂದೆ ನಿಂತಳು. "ಆಗ ಮೈಕಿನ್ಯಾಗ ಹೇಳಿದ್ದು ಸುಳ್ಳರಿ. ಹಿತ್ತಲಕ್ಕ ಬರ್ರಿ, ತೋರಸ್ತೇನಿ."

ಸಾಹೇಬರು ಎಲೆ ನೋಡಿದರು. "ಊಟ ಆಗಲಿ ಅಮ್ಮಾ, ಆಮೇಲೆ ಮಾತಾಡೋಣ."

ಅವಳೊಬ್ಬಳೇ ಹೋದಳು. ಎತ್ತುಗಳು ಹೊಟ್ಟೆ ತುಂಬಿ ಮಲಗಿದ್ದವು. ಗೋದಲಿಯ ತಳದಲ್ಲಿ ಇನ್ನೂ ರಾಶಿ ಉಳಿದಿತ್ತು. ಕೆಲವು ಅರ್ಧ ಕಚ್ಚಿದವು, ಕೆಲವು ಜೊಲ್ಲಿಗೆ ಮೆತ್ತಗಾದವು. ಮೂರು ಬೆರಳಿನ ಗುರುತಿನದನ್ನು ಕೆದರಿ ಕೆದರಿ ಹುಡುಕಿದಳು. ಒಂದೂ ಸಿಗಲಿಲ್ಲ. ಇದ್ದಷ್ಟನ್ನು ಉಡಿಯಲ್ಲಿ ತುಂಬಿಕೊಂಡಳು.

ಶಾಮಿಯಾನಕ್ಕೆ ಮರಳಿ, ಹೆಂಗಸರು ಬಿಟ್ಟೆದ್ದ ಎಲೆಗಳಿಗೆ ಒಂದೊಂದೇ ರೊಟ್ಟಿ ಇಡುತ್ತಾ ಬಂದಳು. ಹಾಡು ಹಾಕಿದ್ದವನು ಹಾಡು ನಿಲ್ಲಿಸಿದ. ಕೇರಿಯ ಹೆಂಗಸರು ರಸ್ತೆಯ ಆಚೆ ನಿಂತು ನೋಡುತ್ತಿದ್ದರು. ಯಮನವ್ವ ನೋಡಲಿಲ್ಲ, ಬೆನ್ನು ತಿರುಗಿಸಿ ನಿಂತಿದ್ದಳು.

"ಏನ ಮಾಡಾಕತ್ತೀಲೇ ನಿಮ್ಮವ್ನ?" ಗೌಡರು ಕಿರುಚಿದರು.

"ನೀಡಾಕತ್ತೇನ್ರಿ," ಅಂದಳು. ಆ ಪಂಕ್ತಿ ಮುಗಿಯಿತು. ಉಡಿ ಇನ್ನೂ ಭಾರವಾಗಿತ್ತು. ಅದನ್ನು ಎಡಗೈಯಲ್ಲಿ ಎತ್ತಿಹಿಡಿದು ಎದುರಿನ ಪಂಕ್ತಿಯ ಕಡೆ ಹೆಜ್ಜೆ ಹಾಕಿದಳು. ಮೊದಲ ಎಲೆ ಸಾಹೇಬರದು. ಅವರು ಎರಡೂ ಅಂಗೈಯನ್ನು ಎಲೆಯ ಮೇಲೆ ಅಡ್ಡ ಹಿಡಿದಿದ್ದರು.