ಒಣಗಲು ಮೂವತ್ತು ನಿಮಿಷ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕತ್ತರಿಯಕ್ಕ ಎಂದೇ ಕರೆಯುತ್ತಿದ್ದರು. ಆಪರೇಷನ್ನಿಗೆ ಬೇಕಾದ ಕತ್ತರಿ, ಚಿಮಟಗಳನ್ನು ತೊಳೆದು, ಬಟ್ಟೆಯಲ್ಲಿ ಸುತ್ತಿ, ಹಬೆಯ ಯಂತ್ರಕ್ಕಿಟ್ಟು ಕ್ರಿಮಿ ಸಾಯಿಸುವ ಕೆಲಸದಲ್ಲಿ ಹನ್ನೆರಡು ವರ್ಷ ಮೈ ಸವೆಸಿದವಳು. ಹನ್ನೆರಡು ವರ್ಷವೂ ತಾತ್ಕಾಲಿಕ! ಈಗ ಒಂದು ಕಾಯಂ ಹುದ್ದೆ ಬಂದಿತ್ತು. ಮುಂದಿನ ವರ್ಷ ಅವಳ ವಯಸ್ಸು ಮೀರುತ್ತದೆ. ಸಿಕ್ಕರೆ ಈಗ, ಇಲ್ಲದಿದ್ದರೆ ಇಲ್ಲವೇ ಇಲ್ಲ.

ಒಂದು ತಿಂಗಳಿಂದ ಮನೆಯಲ್ಲಿ ತಯಾರಿಯೋ ತಯಾರಿ. ಗಂಡ ಮೇಜಿನ ಆಚೆ ಕುಳಿತು ಸಾಹೇಬನಾಗುತ್ತಿದ್ದ.

"ನಿಮ್ಮ ದೌರ್ಬಲ್ಯ ಏನಮ್ಮ?"

"ನಿಮ್ಮನ್ನ ಕಟ್ಕೊಂಡಿದ್ದು."

"ಹೀಗಂದ್ರೆ ಕೆಲಸ ಕೊಟ್ಟಂಗೇ! ನಿನಗೆ ಕೋಪ ಮೂಗಿನ ತುದೀಲೇ ಇರುತ್ತೆ. ಅಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಕೊಡು, ತಾಯಿ. ನಿನ್ನ ದಮ್ಮಯ್ಯ."

ಸಂದರ್ಶನದ ದಿನ ಬೆಂಚಿನ ಮೇಲೆ ಅವಳಲ್ಲದೆ ಇದ್ದವಳು ಒಬ್ಬಳೇ. ಕತ್ತರಿಯಕ್ಕನ ವಿಭಾಗದ ಮೇಲ್ವಿಚಾರಕನ ನಾದಿನಿ, ಆಗತಾನೇ ಕೋರ್ಸು ಮುಗಿಸಿದ ಹುಡುಗಿ. ಕಣ್ಣು ಮುಚ್ಚಿಕೊಂಡು ಏನೋ ಉರು ಹೊಡೆಯುತ್ತಿದ್ದಳು. ಕತ್ತರಿಯಕ್ಕ ಅವಳ ತೊಡೆಯ ಮೇಲಿನ ಜೆರಾಕ್ಸ್ ಹಾಳೆಯತ್ತ ಸುಮ್ಮನೆ ಇಣುಕಿದಳು. ಅಕ್ಷರ ತನ್ನದೇ! "ಹೊಸಬರಿಗೆ ಕಲಿಸೋಕೆ ಬೇಕಕ್ಕ, ನಿಮ್ಮಷ್ಟು ಗೊತ್ತಿರೋರು ಯಾರಿದಾರೆ" ಎಂದು ಮೇಲ್ವಿಚಾರಕ ಬೆಣ್ಣೆ ಹಚ್ಚಿ ಬರೆಸಿಕೊಂಡಿದ್ದ ಇಪ್ಪತ್ತು ಪ್ರಶ್ನೆ, ಇಪ್ಪತ್ತು ಉತ್ತರ.

"ಇದೆಲ್ಲಿ ಸಿಕ್ತಮ್ಮ?"

"ಭಾವ ಕೊಟ್ರು ಅಕ್ಕ. ಒಳಗೆ ಇಷ್ಟೇ ಕೇಳೋದಂತೆ."

ಅವಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಉಂಡ ಮನೆಗೆ ಎರಡು ಬಗೆಯುವ ಜಾತಿ! ಹಾಳೆ ಕಿತ್ತುಕೊಳ್ಳಲು ಕೈ ಚಾಚಿದವಳ ಕಣ್ಣು ಒಂಬತ್ತನೇ ಪ್ರಶ್ನೆಯ ಮೇಲೆ ನಿಂತಿತು. ಹಬೆ ಬಿಟ್ಟ ಮೇಲೆ ಎಷ್ಟು ಹೊತ್ತು ಒಣಗಿಸಬೇಕು? ಇಪ್ಪತ್ತು ನಿಮಿಷ. ಅಯ್ಯೋ, ಅದು ಹಳೆಯ ಯಂತ್ರದ್ದು. ಹೊಸದಕ್ಕೆ ಮೂವತ್ತು ಬೇಕು. ಕಡಿಮೆಯಾದರೆ ಸುತ್ತಿದ ಬಟ್ಟೆ ಒದ್ದೆ ಉಳಿದು, ಆ ತೇವದಲ್ಲೇ ಕ್ರಿಮಿ ಒಳಗೆ ನುಗ್ಗುತ್ತದೆ. ರೂಢಿಯ ಕೈ ತಪ್ಪು ಬರೆದುಬಿಟ್ಟಿತ್ತು. ಅಷ್ಟರಲ್ಲಿ ಒಳಗಿನಿಂದ ಅವಳ ಸರದಿಯ ಕರೆ ಬಂತು.

ಒಳಗೆ ಆಡಳಿತಾಧಿಕಾರಿ, ಪಕ್ಕದಲ್ಲಿ ಏನೂ ಅರಿಯದ ಮುಖ ಮಾಡಿಕೊಂಡ ಮೇಲ್ವಿಚಾರಕ. ಅಧಿಕಾರಿ, ಅವಳು ಬರೆದುಕೊಟ್ಟಿದ್ದನ್ನೇ ಟೈಪು ಮಾಡಿಸಿ ಮೊಹರು ಒತ್ತಿದ ಹಾಳೆ ನೋಡಿಕೊಂಡು ಕೇಳತೊಡಗಿದ. ಎಂಟು ಪ್ರಶ್ನೆಗೆ ಅವಳು ಪಟಪಟನೆ ಉತ್ತರಿಸಿದಳು.

"ಒಣಗಿಸಲು ಎಷ್ಟು ಹೊತ್ತು?"

ಇಪ್ಪತ್ತು ಎಂದರೆ ಕೆಲಸ ಕೈಗೆ ಬಂದ ಹಾಗೆ. ಗಂಡನ ದಮ್ಮಯ್ಯ ಕಿವಿಯಲ್ಲೇ ಇತ್ತು. ಆದರೆ ನಾಲಿಗೆ ಹೊರಳಲಿಲ್ಲ.

"ಮೂವತ್ತು ನಿಮಿಷ, ಸಾರ್."

"ತಪ್ಪು. ಇಪ್ಪತ್ತು."

"ನಿಮ್ಮ ಹಾಳೇಲಿರೋದು ತಪ್ಪು. ಅದನ್ನ ಬರೆದೋಳೇ ನಾನು, ತಪ್ಪೂ ನಂದೇ. ತಿದ್ದಿಕೊಳ್ಳಿ."

ಅಧಿಕಾರಿ ಪೆನ್ನು ಕೆಳಗಿಟ್ಟ. "ಅಂದ್ರೆ ಪ್ರಶ್ನೆಗಳು ನಿಮಗೆ ಮೊದಲೇ ಗೊತ್ತಿದ್ವು?"

"ನನಗೊಬ್ಬಳಿಗೇ ಅಲ್ಲ. ಹೊರಗಡೆ ಕೂತಿರೋ ಹುಡುಗಿ ಕೈಲೂ ಇದೆ. ಕೊಟ್ಟೋರು ನಿಮ್ಮ ಪಕ್ಕದಲ್ಲೇ ಇದಾರಲ್ಲ, ಕೇಳಿ."

"ಛೆ ಛೆ, ಆಯಮ್ಮನಿಗೆ ಹೊಟ್ಟೆಕಿಚ್ಚು ಸಾರ್," ಎಂದ ಮೇಲ್ವಿಚಾರಕ.

"ಅದನ್ನ ಆಮೇಲೆ ನೋಡೋಣ. ನೀವಂತೂ ಒಪ್ಕೊಂಡ್ರಿ, ನಿಮ್ಮ ಅರ್ಜಿ ರದ್ದು. ಇದು ಮಂಜೂರಾದ ಹಾಳೆ, ಒಂದಕ್ಷರ ತಿದ್ದೋ ಹಾಗಿಲ್ಲ."

"ರದ್ದು ಮಾಡ್ಕೊಳ್ಳಿ! ನಾಳೆ ಆ ಒದ್ದೆ ಕತ್ತರಿ ನಿಮ್ಮ ಹೊಟ್ಟೆಗೇ ಬಂದ್ರೆ, ಆಗಲೂ ಹೀಗೇ ಮೊಹರು ತೋರಿಸಿ!"

ಬಾಗಿಲು ದಢಾರನೆ ಬಡಿದು ಹೊರಬಂದಳು. ಹನ್ನೆರಡು ವರ್ಷ ನೀರಲ್ಲಿ ಹೋಮವಾಗಿತ್ತು. ಅಳು ಬರುತ್ತಿತ್ತು, ಬಂದ ಅಳುವಿನ ಮೇಲೂ ಸಿಟ್ಟು ಬರುತ್ತಿತ್ತು. ಹುಡುಗಿ ಹೆದರಿ ಎದ್ದು ನಿಂತಳು.

"ಏನ್ ಕೇಳಿದ್ರು ಅಕ್ಕ?"

ಕತ್ತರಿಯಕ್ಕ ಅವಳ ರಟ್ಟೆ ಹಿಡಿದಳು.

"ಒಂಬತ್ತನೇದಕ್ಕೆ ಇಪ್ಪತ್ತು ಅಂತಾನೇ ಹೇಳು, ಕೆಲಸ ನಿಂಗೇ. ಸಿಕ್ಕಿದ ಮೇಲೆ ಮೂವತ್ತು ನಿಮಿಷ ಒಣಗಿಸು. ಒಂದು ನಿಮಿಷ ಕಮ್ಮಿಯಾದ್ರೂ ನಾನೇ ಬಂದು ನಿನ್ನ ಕಿವಿ ಹಿಂಡ್ತೀನಿ. ಎಷ್ಟು?"

"ಮೂವತ್ತು, ಅಕ್ಕ."

"ಜೋರಾಗಿ ಹೇಳೇ!"