ಕರಿಯನ ಕೊರಳ ಕರೆ

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ನಂಬಿಕೆ ಬಾರದವರಿಗೆ ಅರವತ್ತು ಸಾಕ್ಷಿಗಳಿವೆ. ಎಲ್ಲವೂ ಕುರಿಗಳು, ಯಾವುದಕ್ಕೂ ಮಾತು ತಿರುಚುವ ಅಭ್ಯಾಸವಿಲ್ಲ.

ಜವನಗೊಂಡನಹಳ್ಳಿಯಿಂದ ಮೂರು ಮೈಲಿ ಒಳಗಿರುವ ಹಟ್ಟಿಯ ಚಿತ್ತಯ್ಯನಿಗೆ ಅರವತ್ತೆರಡನೇ ವಯಸ್ಸಿನಲ್ಲಿ ಮೊದಲ ಮೊಬೈಲು ಬಂತು. ಗುಡ್ಡ ಹತ್ತಿದ ಗಂಡ ಉಂಡನೋ ಇಲ್ಲವೋ ತಿಳಿಯಲೆಂದು ಹೆಂಡತಿ ರಂಗಕ್ಕ ಹಟ ಹಿಡಿದು ಹಿರಿಯೂರಿನಿಂದ ತರಿಸಿದ, ಗುಂಡಿ ಒತ್ತುವ ಸಣ್ಣ ಫೋನು. ಅದು ಬಂದ ಮೂರನೇ ದಿನಕ್ಕೆ ಪಕ್ಕದ ಹಟ್ಟಿಯ ಬೋರಪ್ಪನೂ ಬಂದ. ಬೋರಪ್ಪ ದಿನಕ್ಕೆ ಹತ್ತು ತಾಸು ಫೋನು ನೋಡಿ, ಫೋನು ಯಾಕೆ ನೋಡಬಾರದೆಂಬುದನ್ನೆಲ್ಲ ಅದರಲ್ಲೇ ಕಲಿತವನು. ಎದೆ ಜೇಬಿನಲ್ಲಿಟ್ಟರೆ ಗುಂಡಿಗೆಗೆ ಕೇಡು, ಸೊಂಟಕ್ಕೆ ಸಿಕ್ಕಿಸಿದರೆ ಕಿಡ್ನಿಗೆ ಕೇಡು, ಕಿವಿಗಿಟ್ಟರೆ ಅದರ ಅಲೆ ನೇರ ಮಿದುಳಿಗೆ ಎಂದು ಬೆರಳು ಮಡಚಿ ಮಡಚಿ ಹೇಳಿದ. ಹುಟ್ಟಿದಾಗಿನಿಂದ ಗುಡ್ಡ ಅಲೆದ ಚಿತ್ತಯ್ಯನಿಗೆ ಅಲೆಯ ಭಯ ಹೊಕ್ಕಿದ್ದು ಹೀಗೆ.

ಫೋನು ಬಿಡೋಣವೆಂದರೆ ರಂಗಕ್ಕ ಬಿಡಳು, ಇಟ್ಟುಕೊಳ್ಳೋಣವೆಂದರೆ ಬೋರಪ್ಪ ಬಿಡ. ಚಿತ್ತಯ್ಯ ತನ್ನ ಮೈಯ ಒಂದೊಂದೇ ಜಾಗವನ್ನು ತಳ್ಳಿಹಾಕುತ್ತ ಹೋಗಿ ಕೊನೆಗೆ ಮೈಯನ್ನೇ ಬದಲಿಸಿದ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಫೋನು ಮಂದೆಯ ಮುಂದಾಳು ಟಗರು ಕರಿಯನ ಕೊರಳಿಗೆ, ಗಂಟೆಯ ಪಕ್ಕಕ್ಕೆ ಬಂತು. ಕರಿಯನ ಕಿಡ್ನಿಯ ಬಗ್ಗೆ ಬೋರಪ್ಪ ಏನೂ ಹೇಳಿರಲಿಲ್ಲ.

ಚಿತ್ತಯ್ಯನ ತಮ್ಮನ ಮಗಳು ಚೈತ್ರಾ ಇದನ್ನು ನೋಡಿ ಬೈಯಲಿಲ್ಲ. ಅವಳು ಹಿರಿಯೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಳು; ಅದಕ್ಕಿಂತ ಚೆನ್ನಾಗಿ ಹೊಸದುರ್ಗದ ಬಸ್ಸಿನ ಕಂಡಕ್ಟರನ ಹಾಗೆ ಟಿಕೆಟ್ ಕೇಳುತ್ತಿದ್ದಳು, ಪ್ರಿನ್ಸಿಪಾಲರ ಹಾಗೆ ಕೆಮ್ಮುತ್ತಿದ್ದಳು, ಬೋರಪ್ಪನ ಹಾಗೆ ಹೆದರಿಸುತ್ತಿದ್ದಳು. ದೊಡ್ಡಪ್ಪ ಫೋನು ಮುಟ್ಟುವ ಕಷ್ಟವೇ ಬೇಡವೆಂದು, ಮೂರು ಸಲ ರಿಂಗಾದರೆ ಅದು ತಾನೇ ಎತ್ತಿಕೊಂಡು ಜೋರಾಗಿ ಮಾತಾಡುವ ಹಾಗೆ ಹೊಂದಿಸಿಕೊಟ್ಟಳು. ಅಂದಿನಿಂದ ಮಧ್ಯಾಹ್ನವಾದರೆ ಟಗರಿನ ಕೊರಳಿಂದ ರಂಗಕ್ಕ ಉಂಡ್ಯಾ ಎಂದು ಗದರುವುದು, ಚಿತ್ತಯ್ಯ ಹತ್ತು ಮಾರು ದೂರದಿಂದ ಉಂಡೆ ಎಂದು ಕೂಗುವುದು ನಡೆಯಿತು. ಕುರಿಗಳಿಗೆ ಇವರಿಬ್ಬರ ಸಂಸಾರ ಮೊದಲೇ ಗೊತ್ತಿದ್ದರಿಂದ ಅವು ತಲೆಯೆತ್ತದೆ ಮೇಯುತ್ತಿದ್ದವು.

ಇಷ್ಟೆಲ್ಲ ಜಾಗ್ರತೆ ಮಾಡಿದರೂ ಚಿತ್ತಯ್ಯನ ಎಡಗಿವಿಯಲ್ಲಿ ಗುಂಯ್ ಎನ್ನುವ ಸದ್ದು ಶುರುವಾಯಿತು. ಆಮೇಲೆ ಆ ಕಿವಿ ಮಂದವಾಯಿತು, ಆಮೇಲೆ ತಲೆ ತಿರುಗಿತು. ಬಂಡೆಯ ಮೇಲೆ ನಿಂತರೆ ಗುಡ್ಡವೇ ಒಂದು ಕಡೆ ವಾಲುತ್ತಿತ್ತು. ಒಂದು ಸಂಜೆ ಹಳ್ಳ ಇಳಿಯುವಾಗ ತೂರಾಡಿ ಬಿದ್ದು, ಮಂಡಿ ತರಚಿಸಿಕೊಂಡು ಬಂದು ಕಟ್ಟೆಯ ಮೇಲೆ ಕೂತ. ಫೋನು ಮೈಮೇಲಿದ್ದ ಆ ಮೊದಲ ಮೂರೇ ದಿನದಲ್ಲಿ ಅಲೆ ಒಳಗೆ ಹೋಗಿ ಕೂತಿದೆ ಎಂಬುದು ಅವನಿಗೆ ಖಾತ್ರಿಯಾಗಿತ್ತು. ಏಳನೇ ವಯಸ್ಸಿನಿಂದ ಕುರಿಯ ಹಿಂದೆ ನಡೆದವನು, ಇನ್ನು ನಡೆಯಲಾರೆ ಎಂದು ರಂಗಕ್ಕನಿಗೆ ಹೇಳಿದ. ಸೋಮವಾರ ಮಂದೆಯನ್ನು ಬೋರಪ್ಪನಿಗೆ ಒಪ್ಪಿಸಿಬಿಡುವುದೆಂದು ಮಾತೂ ಆಗಿಹೋಯಿತು. ಆ ರಾತ್ರಿ ರಂಗಕ್ಕ ಬಡಿಸಿದ ಮುದ್ದೆ ತಟ್ಟೆಯಲ್ಲೇ ಉಳಿಯಿತು. ಮುದ್ದೆ ಬಿಟ್ಟೇಳುವ ಗಂಡನನ್ನು ಅವಳು ಕಂಡದ್ದು ಅದೇ ಮೊದಲು.

ಭಾನುವಾರ ಹಟ್ಟಿಯ ಶಾಲೆಯಲ್ಲಿ ಚೈತ್ರಾಳ ಕಾಲೇಜಿನವರು ಆರೋಗ್ಯ ಶಿಬಿರ ಇಟ್ಟುಕೊಂಡಿದ್ದರು. ಕಿವಿಯ ಡಾಕ್ಟರೂ ಬರುತ್ತಾರೆ, ಒಂದು ಸಲ ತೋರಿಸಿ ಎಂದು ಶನಿವಾರ ಸಂಜೆಯೆಲ್ಲ ಅವಳು ದೊಡ್ಡಪ್ಪನ ಬೆನ್ನು ಹತ್ತಿದಳು.

"ಡಾಕ್ಟ್ರೂ ದಿನಾ ಫೋನ್ ಕಿವಿಗಿಟ್ಕಂಡೇ ಓಡಾಡ್ತಾರೆ ಕಣವ್ವ," ಎಂದ ಚಿತ್ತಯ್ಯ. "ಅವರ ತಲೇನೇ ತಿರುಗ್ತಿರ್ತೈತೆ. ನನ್ನದೇನ್ ನೋಡ್ತಾರೆ?"

ಒಳಗಿನ ಭಯ ಬೇರೆಯೇ ಇತ್ತು. ಡಾಕ್ಟರ ಬಾಯಿಂದಲೂ ಇನ್ನು ಗುಡ್ಡ ಹತ್ತಬೇಡ ಎಂಬ ಮಾತು ಬಂದರೆ, ಆಮೇಲೆ ಆಸೆಗೂ ಜಾಗವಿರುವುದಿಲ್ಲ. ಹಾಗಾಗಿ ಭಾನುವಾರ ಬೆಳಕು ಹರಿಯುವ ಮೊದಲೇ, ಕೊನೆಯ ದಿನವೆಂದುಕೊಂಡು, ಮಂದೆ ಹೊಡೆದುಕೊಂಡು ಹೊರಟುಹೋದ.

ಚಿತ್ತಯ್ಯ ಕುರಿಗಳೊಂದಿಗೆ ಆಡುತ್ತಿದ್ದದ್ದು ಮೂರೇ ಮಾತು. ಮೇವಿಗೆ ಒಂದು ಸಿಳ್ಳು. ನೆರಳಿಗೆ ನಾಲಿಗೆಯ ಲೊಟಕು. ನೀರಿಗೆ ಮಾತ್ರ ಉದ್ದನೆಯ ಕೂಗು: ಹುರ್ರೋ ಎಂದು ಎದೆಯಿಂದ ಎತ್ತಿ, ಬಾ ಬಾ ಬಾ ಎಂದು ಇಳಿಸಿ, ಕೊನೆಯಲ್ಲಿ ದನಿ ಒಡೆದು ಹೋಯ್ ಎನ್ನುವುದು. ಅದು ಕಿವಿಗೆ ಬಿತ್ತೆಂದರೆ ಮಂದೆ ಮುಖ ಮಾಡುವುದು ಹಟ್ಟಿಯ ನೀರಿನ ತೊಟ್ಟಿಗೆ. ತೊಟ್ಟಿ ಇರುವುದು ಶಾಲೆಯ ಕಾಂಪೌಂಡಿಗೆ ಒರಗಿಕೊಂಡು. ಚೈತ್ರಾ ಬೆಳಗಿನ ಹನ್ನೊಂದು ಗಂಟೆಗೆ ಶಾಲೆಯ ಹಿಂದೆ ನಿಂತು, ಗಂಟಲು ಸರಿಮಾಡಿಕೊಂಡು, ಕರಿಯನಿಗೆ ಫೋನು ಹಚ್ಚಿದಳು.

ಗುಡ್ಡದ ಬುಡದಲ್ಲಿ ತುಗ್ಗಲಿ ಮರದ ಕೆಳಗೆ ಕೂತಿದ್ದ ಚಿತ್ತಯ್ಯನಿಗೆ ಮೊದಲು ಏನೂ ಸರಿಯಾಗಿ ಕೇಳಲಿಲ್ಲ. ಕಂಡದ್ದು ಮಾತ್ರ ಇಷ್ಟು: ಕರಿಯ ಕತ್ತೆತ್ತಿದ, ಅತ್ತ ನೋಡಿದ, ಇತ್ತ ನೋಡಿದ, ಊರ ಕಡೆ ತಿರುಗಿ ನಡೆದ. ಹಿಂದೆ ಅರವತ್ತೂ ನಡೆದವು. ಚಿತ್ತಯ್ಯ ಕೋಲೂರಿ ಎದ್ದು ಓಡಿ, ಮೇವಿನ ಸಿಳ್ಳು ಹಾಕಿದ. ಕರಿಯ ನಿಂತ. ಅಷ್ಟರಲ್ಲಿ ಅವನ ಕೊರಳಿಂದಲೇ ಮತ್ತೊಬ್ಬ ಚಿತ್ತಯ್ಯ ಹುರ್ರೋ ಎಂದ. ಹಿಂದೊಬ್ಬ ಯಜಮಾನ, ಗಂಟಲ ಕೆಳಗೊಬ್ಬ ಯಜಮಾನ. ಹತ್ತಿರದವನ ಮಾತೇ ಮೇಲೆಂದು ಕರಿಯ ಮುಂದೆ ಹೊರಟ.

ಬಲಗಿವಿ ತಿರುಗಿಸಿ ಕೇಳಿದ ಚಿತ್ತಯ್ಯನ ಜೀವ ಬಾಯಿಗೆ ಬಂತು. ಅದು ಅವನದೇ ದನಿ, ಕೊನೆಯಲ್ಲಿ ಒಡೆಯುವುದೂ ಅವನ ಹಾಗೆಯೇ. ಮಿದುಳು ತಿಂದದ್ದು ಸಾಲದೆ ಫೋನು ಈಗ ಬಾಯಿಗೂ ಕೈ ಹಾಕಿದೆ ಎಂದು ಅವನು ಒಂದು ಕೈಯಲ್ಲಿ ತಲೆ, ಒಂದು ಕೈಯಲ್ಲಿ ಕೋಲು ಹಿಡಿದು, ವಾಲುತ್ತ ತೂರಾಡುತ್ತ ಮಂದೆಯ ಹಿಂದೆ ಓಡಿದ.

ಕುರಿಗಳು ತೊಟ್ಟಿಗೆ ಬಾಯಿ ಹಾಕುವಾಗ ಅವನು ಶಾಲೆಯ ಗೇಟು ಹಿಡಿದು ನಿಂತಿದ್ದ. ಚೈತ್ರಾ ಒಂದು ತೋಳು ಹಿಡಿದಳು, ರಂಗಕ್ಕ ಇನ್ನೊಂದು ಹಿಡಿದಳು. ಉಸಿರು ತಿರುಗುವ ಮೊದಲೇ ಅವನು ಕಿವಿಯ ಡಾಕ್ಟರು ಉಷಾರಾಣಿಯವರ ಮುಂದೆ ಕೂತಿದ್ದ.

"ಫೋನು ನನ್ನ ದನಿ ಕದ್ದೈತೆ ತಾಯಿ," ಎಂದ. "ನಮ್ಮ ಬೋರಪ್ಪ ಹೇಳ್ದಂಗೆ ತಲೆ ತಿಂದಿದ್ದಕ್ಕೆ ಹೆದರಿದ್ದೆ. ಈಗ ಕುರೀನೂ ಕರ್ಕಂಡು ಹೋಗ್ತೈತೆ."

ಡಾಕ್ಟರು ನಗು ನುಂಗಿಕೊಂಡು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ಇನ್ನೊಮ್ಮೆ ನೋಡಿದರು. ಹನಿಯೌಷಧ ಬಿಟ್ಟು, ಸ್ವಲ್ಪ ಹೊತ್ತು ಕೂರಿಸಿ, ಸಣ್ಣ ಚಿಮಟದಿಂದ ಮೆಲ್ಲಗೆ ಎಳೆದರು. ಗುಗ್ಗೆ ಮೆತ್ತಿಕೊಂಡ ಕಪ್ಪು ಉಂಡೆಯೊಂದು ಹೊರಗೆ ಬಂತು. ಬಟ್ಟಲಲ್ಲಿಟ್ಟು ಬಿಡಿಸಿದರೆ, ಕುರಿಯ ಉಣ್ಣೆ.

ಚಿತ್ತಯ್ಯ ಅದನ್ನೇ ನೋಡಿದ. ಅಲೆ ಒಳಗೆ ಹೋಗದಿರಲೆಂದು, ಫೋನು ಬಂದ ಹೊಸತರಲ್ಲಿ, ಕರಿಯನ ಬೆನ್ನಿನಿಂದ ಒಂದು ಚಿಟಿಕೆ ಉಣ್ಣೆ ಕಿತ್ತು ಕಿವಿಗೆ ತುರುಕಿಕೊಂಡಿದ್ದ. ಮಾರನೇ ದಿನ ಕಾಣದಿದ್ದಾಗ ಬಿದ್ದುಹೋಯಿತೆಂದು ಸುಮ್ಮನಾಗಿದ್ದ. ಅದು ಬಿದ್ದದ್ದು ಹೊರಗಲ್ಲ, ಒಳಗೆ.

ಕಿವಿ ಹೀಗೆ ಕಟ್ಟಿಕೊಂಡರೆ ಸದ್ದೂ ಬರುತ್ತದೆ, ತಲೆಯೂ ತಿರುಗುತ್ತದೆ ಎಂದು ಡಾಕ್ಟರು ವಿವರಿಸಿದರು. ಫೋನಿನ ಅಲೆಯಿಂದ ಮಿದುಳಿಗೆ ರೋಗ ಬರುತ್ತದೆಂದು ಇದುವರೆಗೆ ಗಟ್ಟಿಯಾಗಿ ತೋರಿಸಿಕೊಟ್ಟವರಿಲ್ಲ, ಪರೀಕ್ಷೆಗಳು ಇನ್ನೂ ನಡೆಯುತ್ತಲೇ ಇವೆ. ಆದರೆ ಫೋನು ನೋಡುತ್ತ ರಸ್ತೆ ದಾಟುವವರಿಗೆ, ನಿದ್ದೆಗೆಟ್ಟು ನೋಡುವವರಿಗೆ ತೊಂದರೆ ತಪ್ಪಿದ್ದಲ್ಲ ಎಂದರು. ಚಿತ್ತಯ್ಯನಿಗೆ ಬೇಕಾಗಿದ್ದದ್ದು ಒಂದೇ ಮಾತು.

"ಕುರಿ ಹಿಂದೆ ಹೋಗಬೌದಾ ತಾಯಿ?"

"ಎರಡು ದಿನ ಬಿಟ್ಟು ಹೋಗಿ," ಎಂದರು ಡಾಕ್ಟರು. "ತಲೆ ಮತ್ತೆ ತಿರುಗಿದರೆ ನನ್ನ ಹತ್ತಿರ ಬನ್ನಿ. ಬೋರಪ್ಪನ ಹತ್ತಿರ ಬೇಡ."

ಚಿತ್ತಯ್ಯ ಎದ್ದು ಹೊರಗೆ ಬಂದು ಜಗಲಿಯಲ್ಲಿ ನಿಂತ. ಜಗಲಿ ನೆಟ್ಟಗಿತ್ತು. ಎಡಗಡೆಯ ತೊಟ್ಟಿಯಲ್ಲಿ ಕುರಿಗಳು ನೀರು ಹೀರುವ ಸದ್ದು, ಮರಿಗಳ ಕೂಗು ಎಲ್ಲ ಕೇಳುತ್ತಿತ್ತು. ಕೇಳುತ್ತ ಕೇಳುತ್ತ ಅವನಿಗೆ ಇನ್ನೊಂದು ವಿಷಯವೂ ಹೊಳೆಯಿತು. ಮೆಲ್ಲಗೆ ತಮ್ಮನ ಮಗಳ ಕಡೆ ತಿರುಗಿದ. ಅವಳು ಸೀರೆಯ ಮರೆಗೆಂದು ರಂಗಕ್ಕನ ಹಿಂದೆ ಸರಿದಳು.

"ಲೇ ಚೈತ್ರಾ, ಇತ್ಲಾಗ್ ಬಾ. ಹುರ್ರೋ ಅಂದಿದ್ದು ಯಾರು?"

ಅವಳು ಕಾಲ ಬೆರಳು ನೋಡುತ್ತ ಒಪ್ಪಿಕೊಂಡಳು. ಚಿತ್ತಯ್ಯ ಮೀಸೆ ನೀವಿ, ಹುಬ್ಬು ಗಂಟಿಕ್ಕಿ, ನನ್ನ ಮುಂದೆ ಇನ್ನೊಂದು ಸಲ ಅನ್ನು, ಎಲ್ಲಿ ತಪ್ಪೈತೆ ನೋಡ್ತೀನಿ ಎಂದ. ಚೈತ್ರಾ ಜಗಲಿಯ ತುದಿಗೆ ಬಂದು, ಎದೆಯಿಂದ ಎತ್ತಿ, ಇಳಿಸಿ, ಕೊನೆಯಲ್ಲಿ ಒಡೆದಳು. ಒಂದು ಎಳೆಯೂ ತಪ್ಪಿರಲಿಲ್ಲ.

ತೊಟ್ಟಿಯಲ್ಲಿ ಅರವತ್ತು ತಲೆಗಳು ಮೇಲೆದ್ದವು. ನೀರು ಇಲ್ಲಿ, ಯಜಮಾನನ ಕರೆ ಅಲ್ಲಿ. ಕರಿಯ ಒಂದು ಗಳಿಗೆ ಯೋಚಿಸಿ ಗೇಟಿನೊಳಗೆ ನುಗ್ಗಿದ. ಹಿಂದೆಯೇ ಮಂದೆ ಮೆಟ್ಟಿಲು ಹತ್ತಿತು, ಸರದಿಯಲ್ಲಿ ನಿಂತಿದ್ದ ಜನರನ್ನು ಗೋಡೆಗೆ ಒತ್ತಿತು. ರಂಗಕ್ಕ ಬೆಂಚು ಹತ್ತಿದಳು. ಡಾಕ್ಟರು ಕಾಲು ಮೇಲೆತ್ತಿ ಕುರ್ಚಿಯಲ್ಲೇ ಚಕ್ಕಳಮಕ್ಕಳ ಹಾಕಿದರು. ಬಿಪಿ ನೋಡುವವರ ಮೇಜಿನ ಮೇಲೆ ಒಂದು ಮರಿ ಮುಂಗಾಲಿಟ್ಟು, ತನ್ನ ಸರದಿ ಬಂತೇ ಎಂಬಂತೆ ನೋಡಿತು. ಹಟ್ಟಿಗೆ ಹಟ್ಟಿಯೇ ಬಿದ್ದು ಬಿದ್ದು ನಕ್ಕಿತು. ಆ ಗದ್ದಲದ ನಡುವೆ, ಕಂಬ ಹಿಡಿದು, ಹೊಟ್ಟೆ ಹಿಡಿದು, ಕಣ್ಣೊರೆಸಿಕೊಂಡು, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಚಿತ್ತಯ್ಯ. ಬಹಳ ದಿನದ ಮೇಲೆ ತನ್ನ ನಗು ತನಗೇ ಎರಡೂ ಕಿವಿಯಲ್ಲಿ ಕೇಳಿಸಿದ್ದಕ್ಕೋ ಏನೋ, ಕುರಿಗಳು ಸುಸ್ತಾಗಿ ಜಗಲಿಯಲ್ಲೇ ಮಲಗಿದರೂ ಅವನು ನಿಲ್ಲಿಸಲಿಲ್ಲ.