ಮಡುವಿಗೆ ಹೂಳು ಸುರಿಯುವ ಮೊದಲು

ಹೊಳೆಗೆ ಅಡ್ಡ ಕಟ್ಟಿದ ಬಾಂದಾರದ ಹಿಂದೆ ಹೂಳು ತುಂಬಿ, ಭೀಮಾ ಹೊಳೆಯ ನೀರು ಊರಿನ ಪಂಪಿಗೆ ಎಟುಕುತ್ತಿರಲಿಲ್ಲ. ನಲ್ಲಿ ತಿರುಗಿಸಿದರೆ ಬರೀ ಗಾಳಿ. ಹೂಳೆತ್ತುವ ಯಂತ್ರ ಬಂದಾಗ ಊರಿಗೆಲ್ಲ ಖುಷಿಯಾಯಿತು. ಮೀನು ಹಿಡಿಯುವ ಅಮಾತೆಪ್ಪನಿಗೆ ಇನ್ನೂ ಖುಷಿ. ತೆಗೆದ ಹೂಳನ್ನು ದೋಣಿಯಲ್ಲಿ ಒಯ್ದು ಕೆಳಗಿನ ಮಡುವಿಗೆ ಸುರಿಯುವ ಕೆಲಸವನ್ನು ಗುತ್ತಿಗೆದಾರ ಅವನಿಗೇ ಕೊಟ್ಟಿದ್ದ.

ಹೊಳೆ ಬತ್ತಿದರೂ ಆ ಆಳದ ಮಡುವಿನಲ್ಲಿ ನೀರು ನಿಲ್ಲುತ್ತದೆ, ಮೀನು ಉಳಿಯುತ್ತದೆ. ಬೇಸಿಗೆಯಲ್ಲಿ ಅಮಾತೆಪ್ಪನ ಮನೆಯ ಒಲೆ ಉರಿಯುವುದು ಅದರಿಂದಲೇ.

ಪಕ್ಕದ ಮನೆಯ ಚಂದ್ರಕಲಾ ಸ್ವಸಹಾಯ ಸಂಘದವಳು, ನೀರಿನ ಪರೀಕ್ಷೆಯ ತರಬೇತಿ ಪಡೆದವಳು. ಸಂಜೆ ಬಂದು ಕಟ್ಟೆಯ ಮೇಲೆ ಕೂತಳು.

"ಕಾಕಾ, ಹೂಳಿನ ಪರೀಕ್ಷಾ ಮಾಡ್ಸ್ಯಾರೇನ್ರಿ?"

"ಹೊಳಿ ಮಣ್ಣು ಹೊಳಿಗೇ ಹೋಗ್ತದ. ಅದನ್ನೇನು ಹತ್ತನೇ ಕ್ಲಾಸಿನ ಪರೀಕ್ಷಾಕ್ಕ ಕೂಡಸ್ತಿ?"

"ಊರ ಚರಂಡಿ, ಹತ್ತಿ ಹೊಲಕ್ಕ ಹೊಡದ ಹುಳದ ಎಣ್ಣಿ, ಎಲ್ಲಾ ಆ ಕೆಸರಿನ್ಯಾಗ ಕುಂತಿರಬೇಕು. ತಳದಾಗ ಸುಮ್ನ ಮಲಗಿರ್ತದ. ಕೆದರಿ ಮಡುವಿಗೆ ಚೆಲ್ಲಿದ್ರ ಎದ್ದು ನೀರಾಗ ಕೂಡ್ತದ. ಮೀನಿನ ತತ್ತಿ ಮ್ಯಾಲ ಕೆಸರು ಮುಚ್ಚಿದ್ರ ಮರಿ ಹೆಂಗ ಹುಟ್ಟತಾವ?"

ಅಮಾತೆಪ್ಪ ಬಕೇಟಿಗೆ ಆ ಕರಿ ಹೂಳು ಹಾಕಿ, ಹೊಳೆ ನೀರು ಸುರಿದು ಕಲಸಿ, ಒಂದು ಕೊರಮೀನು ಬಿಟ್ಟ. ಬೆಳಗ್ಗೆ ಮೀನು ಬಾಲ ಬಡಿಯುತ್ತಿತ್ತು. ಅವನು ಚಂದ್ರಕಲಾಳನ್ನು ಕರೆದು ತೋರಿಸಿದ.

"ನೋಡವಾ, ನಿನ್ನ ವಿಷ ಕುಡದು ದಪ್ಪ ಆಗ್ಯಾದ."

ಬಲೆ ಹೊಲಿಯುತ್ತಿದ್ದ ಹೆಂಡತಿ ಭೀಮಮ್ಮ ನಕ್ಕಳು. "ಶಾಣ್ಯಾ ಇದ್ದಿ. ಕೊರಮೀನು ಹಸಿ ಚೀಲದಾಗ ಕಟ್ಕೊಂಡು ಯಾದಗಿರಿ ಬಜಾರಕ್ಕ ಒಯ್ತೀನಿ, ಅಲ್ಲಿಗಂಟ ಜೀವ ಇರ್ತದ. ಮ್ಯಾಲ ಬಂದು ಗಾಳಿ ಕುಡಿಯೋ ಮೀನದು, ನೀರು ಹೆಂಗಿದ್ರೂ ತಡೀತದ. ಸಿಗಡಿ ಬಿಟ್ಟು ನೋಡು."

ಅದು ಅವನಿಗೂ ಗೊತ್ತಿದ್ದ ಮಾತು. ಒಂದು ಬಕೇಟಿನಲ್ಲಿ ಬರೀ ಹೊಳೆ ನೀರು, ಇನ್ನೊಂದರಲ್ಲಿ ಹೂಳು ಕಲಸಿದ ನೀರು ಇಟ್ಟು, ಎರಡಕ್ಕೂ ಸಿಗಡಿ, ಮೀನಿನ ಮರಿ ಬಿಟ್ಟ. ಮಧ್ಯಾಹ್ನ ಹೊಳೆ ನೀರಿನಲ್ಲಿ ಎಲ್ಲ ಓಡಾಡುತ್ತಿದ್ದವು. ಹೂಳಿನ ನೀರಿನಲ್ಲಿ ಮರಿಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಸಿಗಡಿಗಳು ಮಗ್ಗುಲಾಗಿ ಬಿದ್ದಿದ್ದವು. ಅಮಾತೆಪ್ಪ ಒಂದನ್ನು ಅಂಗೈಯಲ್ಲಿ ಎತ್ತಿಕೊಂಡ. ಮಡುವಿನ ಮೀನು ತಿಂದು ಬೆಳೆಯುವುದು ಇವನ್ನೇ.

"ಆ ಕೊರಮೀನು ಮಾರಬ್ಯಾಡ್ರಿ," ಎಂದಳು ಚಂದ್ರಕಲಾ. "ಸಾಯದ ಮೀನೂ ಮೈಯಾಗ ವಿಷ ಇಟ್ಕೊಂಡಿರಬಹುದು. ಬಕೇಟಿನ್ಯಾಗ ಎಲ್ಲಾ ಬದುಕಿದ್ರೂ ಮಣ್ಣು ಚಲೋ ಅಂತ ಹೇಳಾಕ ಬರಂಗಿಲ್ಲ. ಪ್ರಯೋಗಾಲಯಕ್ಕ ಕಳಿಸಿ ನೋಡಬೇಕು."

"ಹಂಗಂತ ಹೂಳು ತಗಿಯೋದು ನಿಲ್ಲಸ್ತಾರೇನು? ಮತ್ತ ಕೊಡ ಹೊರೋರು ನಾವೇ," ಎಂದಳು ಭೀಮಮ್ಮ.

"ತಗೀಲಿ. ದಂಡಿ ಮ್ಯಾಲ, ನೀರಿಂದ ದೂರ ಹಾಕಿ ಸುತ್ತ ಒಡ್ಡು ಕಟ್ಟಲಿ. ವರದಿ ಬಂದ ಮ್ಯಾಲ ಎಲ್ಲಿಗೆ ಒಯ್ಯಬೇಕಂತ ನೋಡೋಣು."

ಮೂವರೂ ಪಂಚಾಯಿತಿಗೆ ಹೋಗಿ ಇದನ್ನೇ ಕೇಳಿದರು, ಪಂಚಾಯಿತಿ ಒಪ್ಪಿತು. ಹೂಳು ದಂಡೆಯಲ್ಲೇ ಉಳಿಯಿತು, ಮಾದರಿ ಪರೀಕ್ಷೆಗೆ ಹೋಯಿತು. ನಲ್ಲಿಗೆ ನೀರೂ ಬಂತು. ವರದಿ ಬಂದಾಗ ಅದರಲ್ಲಿ ಸ್ಪಷ್ಟವಾಗಿತ್ತು: ಈ ಹೂಳನ್ನು ನೀರಿಗೂ ಹೊಲಕ್ಕೂ ಹಾಕಬಾರದು.

"ನಿನ್ನ ದೋಣಿ ಕೆಲಸ ಹೋತಲ್ಲೋ," ಎಂದ ಗುತ್ತಿಗೆದಾರ.

"ಕೆಲಸ ಹೋತು," ಎಂದ ಅಮಾತೆಪ್ಪ, ಬಲೆ ಹೆಗಲಿಗೇರಿಸಿ ಮಡುವಿನ ಕಡೆ ನಡೆಯುತ್ತ. "ಮಡು ಉಳೀತು."

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮೂರಿನ ಹೊಳೆ, ಕೆರೆಯ ಹೂಳು ತೆಗೆಯಲಿ, ಅದು ಒಳ್ಳೆಯದೇ. ಆದರೆ ಅದನ್ನು ಮತ್ತೆ ನೀರಿಗೆ ಸುರಿಯಲು ಹೊರಟರೆ ತಡೆದು ನಿಲ್ಲಿಸಿ. ಮಣ್ಣಿನ ಪರೀಕ್ಷೆ ಆಗಿದೆಯೇ, ಆ ನೀರಿನಲ್ಲಿ ಬದುಕುವ ಸಣ್ಣ ಜೀವಗಳಿಗೆ ಏನಾಗುತ್ತದೆಂದು ನೋಡಿದ್ದಾರೆಯೇ ಎಂದು ಕೇಳಿ. ವರದಿ ಕೈಗೆ ಬರುವವರೆಗೆ ಒಂದು ಬುಟ್ಟಿ ಹೂಳೂ ನೀರಿಗೆ ಬೀಳದಂತೆ ನೋಡಿಕೊಳ್ಳಿ.